ಗೈರುಹಾಜರಿ ಸೊನ್ನೆ

ಆ ಹೈಸ್ಕೂಲಿನ ಗೇಟಿನ ಪಕ್ಕ ಒಂದು ಕಪ್ಪು ಹಲಗೆ ಇತ್ತು. ದಿನಾ ಕೊನೆಯ ಪೀರಿಯಡ್ಡು ಮುಗಿಯುತ್ತಲೇ ಹೆಡ್‌ಮಾಸ್ತರರು ತಾವೇ ಸೀಮೆಸುಣ್ಣ ಹಿಡಿದು ಬಂದು ಅದರ ಮೇಲೆ 'ಇಂದಿನ ಗೈರುಹಾಜರಿ' ಎಂದು ಬರೆದು ಮುಂದೆ ಅಂಕೆ ಹಾಕುತ್ತಿದ್ದರು. ಅಂಕೆ ಸೊನ್ನೆಯಾದ ದಿನ ಅವರ ನಡಿಗೆಯೇ ಬೇರೆ. ದಾರಿಯಲ್ಲಿ ಹೋಗುವವರು ನೋಡಲಿ ಅಂತಲೇ ಹಲಗೆಯನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು. ಮನುಷ್ಯ ಕೆಟ್ಟವರೇನಲ್ಲ. ಮಕ್ಕಳು ಶಾಲೆ ಬಿಟ್ಟು ಬೀದಿ ಪಾಲಾಗಬಾರದು ಅನ್ನುವ ಹಠ ಅವರದು. ಹಠ ಸೊನ್ನೆಯ ಮೇಲೆ ಹೋಗಿ ಕೂತುಬಿಟ್ಟಿತು, ಅಷ್ಟೇ.

ಸೊನ್ನೆ ಸುಮ್ಮನೆ ಬರುತ್ತದೆಯೇ? ಅದಕ್ಕೊಂದು ಏರ್ಪಾಡಿತ್ತು. ಹಾಜರಿ ದಿನಕ್ಕೆ ಎರಡು ಸಲ, ಮೊದಲ ಪೀರಿಯಡ್ಡಿನಲ್ಲಿ ಒಮ್ಮೆ, ಕೊನೆಯದರಲ್ಲಿ ಒಮ್ಮೆ. ಬೆಳಗಿನ ಹಾಜರಿಗೆ ಯಾರಾದರೂ ತಪ್ಪಿದರೋ, ಜವಾನ ಸೈಕಲ್ ಹತ್ತಿ ನೇರ ಅವರ ಮನೆ ಬಾಗಿಲಿಗೆ. ಗಂಟೆ ಹೊಡೆಯುವವನಾದ್ದರಿಂದ ಮಕ್ಕಳ ಬಾಯಲ್ಲಿ ಅವನು ಗಂಟೆಯಣ್ಣ. ಜ್ವರ ಅಂದರೆ ಹಣೆ ಮುಟ್ಟಿ ನೋಡುವನು. ಮನೆಯಲ್ಲಿಲ್ಲ ಅಂದರೆ ಬಸ್ ನಿಲ್ದಾಣ, ಮೈದಾನ, ಸಂತೆ ಬೀದಿ, ಹಳೇ ಗಿರಣಿ, ಎಲ್ಲ ಕಡೆ ವಿಚಾರಿಸಿಕೊಂಡು ಹುಡುಕಿ ತಂದೇ ತರುವನು. ಅವನ ಸೈಕಲ್ಲಿನ ಹಿಂದೆ ಕೂತು ಬರುವ ಹುಡುಗನ ಮುಖ ನೋಡಬೇಕಿತ್ತು, ಮಾನ ಮರ್ಯಾದೆ ಎಲ್ಲ ನಡುಬೀದಿಯಲ್ಲಿ ಹರಾಜು. ಅವನ ಕಣ್ಣು ತಪ್ಪಿಸಿ ಊರಲ್ಲಿ ಒಂದು ಮಧ್ಯಾಹ್ನ ಕಳೆದವರೇ ಇಲ್ಲ ಅನ್ನುತ್ತಿದ್ದರು.

ಆದರೆ ಮಕ್ಕಳು ಅಂದರೆ ಏನಂದುಕೊಂಡಿದ್ದೀರಿ? ದೊಡ್ಡವರು ಒಂದು ಬಾಗಿಲು ಮುಚ್ಚಿದರೆ ಅವರು ಕಿಟಕಿ ಹುಡುಕುವವರು. ಹತ್ತನೇ ಕ್ಲಾಸಿನವರಿಗೆ ಸಿಕ್ಕಿದ ಕಿಟಕಿ ಟೇಪು.

ಟೇಪು ಅಂದರೆ ಟೇಪ್‌ರೆಕಾರ್ಡರು. ಕ್ಲಾಸಿನವರು ಆ ಹೆಸರಿಟ್ಟ ಹುಡುಗ ನೋಡಲು ಮೋಟುದ್ದ, ಮೂಗಿನ ಮೇಲೆ ಸದಾ ಬೆವರು, ಓದಿನಲ್ಲಿ ಅಷ್ಟಕ್ಕಷ್ಟೇ. ಅವನಿದ್ದಾನೆ ಅಂತಲೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬಾಯಿ ತೆಗೆಯುವವರೆಗೆ. ಬಾಯಿ ತೆಗೆದರೆ ಹೆಡ್‌ಮಾಸ್ತರರ ಕೆಮ್ಮು, ಗಂಟೆಯಣ್ಣನ ಗೊಣಗು, ಗಣಿತದ ಮೇಷ್ಟ್ರು 'ಏಳೋ ಮೇಲೆ' ಅನ್ನುವ ಆ ಒಣ ದನಿ, ಎಲ್ಲ ಅಚ್ಚು ಹೊಡೆದ ಹಾಗೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೆಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟರೆ ದಿಕ್ಕಿಲ್ಲದ ಆ ಹುಡುಗನಿಗೆ ಆ ನಗುವೇ ಹಬ್ಬ.

ಹಾಜರಿ ಹಾಕುತ್ತಿದ್ದವರು ಕನ್ನಡಕದ ಮೇಷ್ಟ್ರು. ನಿವೃತ್ತಿ ಹತ್ತಿರವಾಗಿತ್ತು, ದೃಷ್ಟಿ ಮಂಜು. ಪುಸ್ತಕದ ಮೇಲೆ ಬಗ್ಗಿ ಒಂದೊಂದೇ ಹೆಸರು ಓದುವರು, 'ಹಾಜರ್ ಸಾರ್' ಅಂತ ಕೇಳಿದರೆ ಗುರುತು ಹಾಕುವರು, ತಲೆ ಎತ್ತುವುದು ಕೊನೆಯ ಹೆಸರಾದ ಮೇಲೆ. ಕಿವಿ ಮಾತ್ರ ಚುರುಕು. ಯಾರ ದನಿ ಯಾರದು ಅಂತ ಅವರಿಗೆ ಚೆನ್ನಾಗಿ ಗೊತ್ತು, ಬೇರೆ ಯಾರೋ ಕೂಗಿದರೆ ತಕ್ಷಣ ಹಿಡಿದುಬಿಡುವರು. ಟೇಪು ಕೂಗಿದರೆ ಮಾತ್ರ ಹಿಡಿಯಲಾಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ, ಕೈ ಬಾಯಿಗೆ ಅಡ್ಡ ಇಟ್ಟು, ಇಲ್ಲದವನ ದನಿಯನ್ನು ಇದ್ದ ಹಾಗೆ ತಂದುಕೊಡುತ್ತಿದ್ದ. ಯಾರಾದರೂ ಕ್ಲಾಸು ತಪ್ಪಿಸಿದರೆ ಇನ್ನೊಬ್ಬರು ಬಾಯಿ ಬಿಡಕೂಡದು ಅನ್ನುವುದು ಕ್ಲಾಸಿನ ಕಟ್ಟಳೆ. ಮುಂದಿನ ಬೆಂಚಿನ ಲಾಯರಮ್ಮ ಎಲ್ಲದಕ್ಕೂ ಮೇಷ್ಟ್ರ ಹತ್ತಿರ ವಾದಕ್ಕೆ ನಿಲ್ಲುವವಳು, ಆ ಹುಡುಗಿ ಕೂಡ ಈ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಟೇಪು ಅತಿ ಹೆಚ್ಚು ಸಲ ಕೂಗಿದ್ದು ಕೊಕ್ಕರೆಗಾಗಿ.

ಕೊಕ್ಕರೆ ಟೇಪುವಿನ ಪಕ್ಕದಲ್ಲಿ ಕೂರುವವನು, ಜೀವದ ಗೆಳೆಯ. ಇಸ್ತ್ರಿ ಅಂಗಡಿಯವರ ಮಗ. ಒಂದೇ ವರ್ಷದಲ್ಲಿ ಉದ್ದಕ್ಕೆ ಬೆಳೆದು ಪ್ಯಾಂಟು ಕಣಕಾಲಿನ ಮೇಲೆ ನಿಂತಿತ್ತು, ಆದರೆ ಅಂಗಿಯ ಇಸ್ತ್ರಿ ಇಡೀ ಶಾಲೆಯಲ್ಲೇ ಇಲ್ಲದಷ್ಟು ಖಡಕ್. ಮಾತು ಕಡಿಮೆ. ಲೆಕ್ಕ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಗಣಿತದ ಮೇಷ್ಟ್ರು ಗುರುವಾರ ಗುರುವಾರ ಒಬ್ಬನನ್ನು ಎಬ್ಬಿಸಿ ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದರು. ಅವರಿಗೇನು ಪಟ್ಟಿ ಇರಲಿಲ್ಲ, ಕಣ್ಣಿಗೆ ಬಿದ್ದವನು ಏಳಬೇಕು. ಎಲ್ಲರ ತಲೆಗಿಂತ ಒಂದು ಗೇಣು ಮೇಲಿರುವ ತಲೆ ಕಣ್ಣಿಗೆ ಬೀಳದೆ ಇರುತ್ತದೆಯೇ? ಲೆಕ್ಕ ತಪ್ಪಾದರೆ ಪೀರಿಯಡ್ಡು ಮುಗಿಯುವ ತನಕ ಅಲ್ಲೇ ನಿಂತು, 'ನನಗೆ ಬರಲ್ಲ, ನನಗೆ ಬರಲ್ಲ' ಅಂತ ಜೋರಾಗಿ ಹೇಳುತ್ತಿರಬೇಕು. ಇದಕ್ಕೆ ಆ ಮಹಾನುಭಾವರು ಶಿಸ್ತು ಅಂತ ಹೆಸರಿಟ್ಟಿದ್ದರು. ಹದಿನಾರರ ಹುಡುಗ, ಹುಡುಗಿಯರೆಲ್ಲ ನೋಡುತ್ತಿರುವಾಗ ಹಾಗೆ ಹೇಳಿಕೊಂಡು ನಿಂತರೆ ಅವನಿಗೆ ಹೇಗಾಗಬೇಡ.

ಹಾಗಾಗಿ ಗುರುವಾರ ಬಂತೆಂದರೆ ಕೊಕ್ಕರೆ ಶಾಲೆಯ ದಾರಿ ಬಿಟ್ಟು ಬಸ್ಸು ಹತ್ತುತ್ತಿದ್ದ. ಪಕ್ಕದ ಊರಿನಲ್ಲಿ ಅವನ ಅಕ್ಕನನ್ನು ಕೊಟ್ಟಿದ್ದರು. ಅಕ್ಕ ಊಟ ಹಾಕಿ, ತಲೆ ಸವರಿ, ಅಪ್ಪನಿಗೆ ಒಂದು ಮಾತೂ ಹೇಳದೆ ಸಂಜೆ ಬಸ್ಸಿಗೆ ಕಳಿಸಿಕೊಡುವಳು. ಇತ್ತ ಟೇಪು ಎರಡು ಹೊತ್ತೂ ಅವನ ಹಾಜರಿ ಕೂಗಿ ಮುಗಿಸಿರುವನು. ಗಂಟೆಯಣ್ಣನ ಸೈಕಲ್ ಗೋಡೆಗೆ ಒರಗಿಕೊಂಡೇ ಇರುವುದು. ಹಲಗೆಯ ಮೇಲೆ ಸೊನ್ನೆ.

ಆ ಬುಧವಾರ ಸಂಜೆ ಗೇಟಿನ ಹತ್ತಿರ ಕೊಕ್ಕರೆ ಅಂದ, "ನಾಳೆ ಅಕ್ಕನ ಮನೆ ಕಣೋ. ನೋಡ್ಕೋತೀಯಲ್ಲ?"

"ನೋಡ್ಕೊಳ್ದೆ ಏನು? ನೀನು ಬಂದ್ರೂ ಮೇಷ್ಟ್ರಿಗೆ ನನ್ನ ದನೀನೇ ಇಷ್ಟ ಆಗೋದು," ಅಂತ ಟೇಪು ರೇಗಿಸಿದ. ಕೊಕ್ಕರೆ ನಕ್ಕು ಅವನ ತಲೆಗೆ ಮೊಟಕಿ ಹೋದ.

ಗುರುವಾರ ಕನ್ನಡಕದ ಮೇಷ್ಟ್ರು ಬೆಳಿಗ್ಗೆ ಕೊಕ್ಕರೆಯ ಹೆಸರು ಓದಿದರು. "ಹಾಜರ್ ಸಾರ್." ಆ ಮಾತಿನ ಕೊನೆಯನ್ನು ಗಂಟಲೊಳಗೇ ನುಂಗಿಬಿಡುವುದು ಕೊಕ್ಕರೆಯ ಅಭ್ಯಾಸ, ಟೇಪು ಅದನ್ನೂ ನುಂಗಿದ. ಸಂಜೆ ಮತ್ತೆ ಓದಿದರು. ಟೇಪು ಸ್ವಲ್ಪ ನೆಗಡಿ ಬೆರೆಸಿ, "ಹಾಜರ್ ಸಾರ್." ಮೇಷ್ಟ್ರು ತಲೆ ಎತ್ತದೆಯೇ, "ಯಾಕೋ, ನೆಗಡಿನಾ? ಬಿಸಿನೀರು ಕುಡಿ," ಅಂದರು. ಇಡೀ ಕ್ಲಾಸು ಪುಸ್ತಕ ಅಡ್ಡ ಹಿಡಿದು ಕಿಸಿಕಿಸಿ ನಕ್ಕಿತು. ಲಾಯರಮ್ಮ ಕೂಡ ಹಿಂದೆ ತಿರುಗಿ ನಕ್ಕಳು. ಟೇಪು ಆ ದಿನ ಮನೆಗೆ ಹೋಗುವಾಗ ನೆಲದ ಮೇಲೆ ಕಾಲಿಟ್ಟಿರಲಿಕ್ಕಿಲ್ಲ.

ಅಂದು ಸಂಜೆ ಮೈದಾನದಲ್ಲಿ ಮಕ್ಕಳು ಆಡುತ್ತಿದ್ದಾಗ ಇಸ್ತ್ರಿ ಅಂಗಡಿಯ ಗಂಡಹೆಂಡತಿ ಬಂದರು. ಊರ ಮಕ್ಕಳಿಗೆಲ್ಲ ಅವರು ಇಸ್ತ್ರಿ ಮಾಮ, ಇಸ್ತ್ರಿ ಅತ್ತೆ. ಮಾಮ ಅಂಗಡಿ ಬಿಟ್ಟು ಕೆಲಸದ ಹೊತ್ತಿನಲ್ಲಿ ಹೊರಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಮಗ ಬಂದು ಕೆಂಡ ಒಟ್ಟುವುದು ವಾಡಿಕೆ, ಇವತ್ತು ಬಂದಿಲ್ಲ. ಅತ್ತೆ ಹಿಂದೆ ನಿಂತು, "ಬರ್ತಾನೆ ಬಿಡಿ, ಎಲ್ಲಿಗ್ ಹೋಗ್ತಾನೆ," ಅನ್ನುತ್ತಲೇ ಇದ್ದರು. ಮಾಮ ಕೇಳಲಿಲ್ಲ, ಹೆಡ್‌ಮಾಸ್ತರರ ಬಾಗಿಲಿಗೆ ಹೋಗಿ ನಿಂತರು.

ಹೆಡ್‌ಮಾಸ್ತರರು ಕನ್ನಡಕದ ಮೇಷ್ಟ್ರನ್ನು ಕರೆಸಿದರು. ಮೈದಾನದಲ್ಲಿದ್ದ ಹತ್ತನೇ ಕ್ಲಾಸಿನವರನ್ನೂ ವರಾಂಡದಲ್ಲಿ ನಿಲ್ಲಿಸಿದರು.

"ಇವತ್ತು ಬಂದಿದ್ನಾ ಸಾರ್, ನಮ್ ಹುಡುಗ?" ಮಾಮ ಕೇಳಿದರು.

"ಬಂದಿದ್ದ. ಎರಡು ಹೊತ್ತೂ ಇದ್ದ," ಅಂದರು ಕನ್ನಡಕದ ಮೇಷ್ಟ್ರು. "ಕೊನೇ ಪೀರಿಯಡ್ಡಲ್ಲಿ ನಾನೇ ಕಿವಿಯಾರೆ ಕೇಳಿದೀನಿ. ನೆಗಡಿ ಬೇರೆ ಆಗಿತ್ತು ಪಾಪ."

"ನೀವೆಲ್ಲ ನೋಡಿದಿರೇನ್ರೋ?" ಹೆಡ್‌ಮಾಸ್ತರರು ಮಕ್ಕಳ ಕಡೆ ತಿರುಗಿದರು.

ಎಲ್ಲರ ಕಣ್ಣೂ ಒಮ್ಮೆ ಟೇಪುವಿನ ಕಡೆ ಹೋಗಿ ವಾಪಸು ಬಂದವು. ಕಟ್ಟಳೆ ಅಂದರೆ ಕಟ್ಟಳೆ. "ಹೌದು ಸಾರ್," ಅಂದಳು ಲಾಯರಮ್ಮ. ಅವಳು ಅಂದಮೇಲೆ ಉಳಿದವರದ್ದೇನು, ಎಲ್ಲರೂ ಹೌದು ಅಂದರು. ಟೇಪುವೂ ಅಂದ, ತನ್ನ ಸ್ವಂತ ದನಿಯಲ್ಲಿ.

ಅವನಿಗೆ ಭಯವಿರಲಿಲ್ಲವೇ ಅಂದರೆ, ಇತ್ತು. ಭಯ ಇದ್ದದ್ದು ಗುಟ್ಟು ಹೊರಬಿದ್ದರೆ ಕನ್ನಡಕದ ಮೇಷ್ಟ್ರ ಗತಿ ಏನು, ಕೊಕ್ಕರೆಯ ಬೆನ್ನಿನ ಗತಿ ಏನು ಅಂತ. ಕೊಕ್ಕರೆಯ ಜೀವದ ಬಗ್ಗೆ ಅಲ್ಲ. ಅವನು ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಸಂಜೆ ಬಸ್ಸು ತಪ್ಪಿಸಿಕೊಂಡಿದ್ದಾನೆ, ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಾನೆ, ಬಂದ ಮೇಲೆ ಏನೋ ಒಂದು ನೆಪ ಹೇಳಿದರಾಯಿತು. ಹೆಡ್‌ಮಾಸ್ತರರು ಔಷಧಿ ಅಂಗಡಿಯ ಫೋನಿನಿಂದ ಅಕ್ಕನ ಊರಿಗೆ ಮಾತಾಡಿದರು. ಅಕ್ಕ ಇಲ್ಲಿಗೆ ಬಂದಿಲ್ಲ ಅಂದಳಂತೆ. ಮಾಮನ ಮುಖ ಬಿಳಿಚಿಕೊಂಡಿತು. ಟೇಪುವಿಗೆ ಮಾತ್ರ ಒಳಗೊಳಗೇ ಸಮಾಧಾನ. ಅಕ್ಕ ಯಾವತ್ತು ತಾನೇ ಬಿಟ್ಟುಕೊಟ್ಟಿದ್ದಾಳೆ?

ಹುಡುಕಾಟ ಶುರುವಾಯಿತು. ಹೆಡ್‌ಮಾಸ್ತರರೇ ಮುಂದೆ ನಿಂತರು, ಗಂಟೆಯಣ್ಣ ಸೈಕಲ್ ತುಳಿದ, ಪೊಲೀಸಿನವರಿಗೂ ಹೇಳಿದ್ದಾಯಿತು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಶಾಲೆ ಬಿಟ್ಟ ಮೇಲೆ ಒಬ್ಬ ಉದ್ದನೆಯ ಹುಡುಗ ಈ ಕಡೆ ಬಂದನೇ? ಅಂಗಡಿಯವರು ಇಲ್ಲ ಅಂದರು. ಬಸ್ ನಿಲ್ದಾಣದ ಕ್ಯಾಂಟೀನಿನವನೂ, ಸಂಜೆ ನಾನು ಯಾರನ್ನೂ ನೋಡಲಿಲ್ಲ ಅಂದ. ಶಾಲೆಯಿಂದ ಇಸ್ತ್ರಿ ಅಂಗಡಿಯವರೆಗಿನ ದಾರಿಯನ್ನು, ಚರಂಡಿಗಳನ್ನು, ಕೆರೆ ಏರಿಯನ್ನು ಜಾಲಾಡಿದರು. ಹಳೇ ಗಿರಣಿ ಊರಿನ ಇನ್ನೊಂದು ತುದಿಗೆ, ಶಾಲೆ ಬಿಟ್ಟು ಮನೆಗೆ ಹೋಗುವ ಹುಡುಗ ಅಷ್ಟು ದೂರ ಯಾಕೆ ಹೋಗುತ್ತಾನೆ ಅಂತ ಆ ಕಡೆ ಯಾರೂ ಸುಳಿಯಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಟೇಪು ನಿಲ್ದಾಣದಲ್ಲಿದ್ದ. ಬಸ್ಸಿನಿಂದ ಇಳಿದವರು ಇಳಿದರು. ಕೊಕ್ಕರೆ ಇಳಿಯಲಿಲ್ಲ. ಇಳಿದದ್ದು ಅವನ ಅಕ್ಕ. ಕೂದಲು ಬಾಚಿರಲಿಲ್ಲ, ಅತ್ತೂ ಅತ್ತೂ ಕಣ್ಣು ಊದಿತ್ತು. ಟೇಪುವನ್ನು ಕಂಡವಳೇ ಅವನ ಎರಡೂ ತೋಳು ಹಿಡಿದು, "ಸಿಕ್ಕಿದ್ನಾ? ಹೇಳೋ, ಸಿಕ್ಕಿದ್ನಾ?" ಅಂದಳು.

ನಿನ್ನೆ ಅಕ್ಕ ಅಂದದ್ದು ನಿಜವೇ ಆಗಿತ್ತು. ಟೇಪು ಅವಳ ಕೈ ಬಿಡಿಸಿಕೊಂಡು ಶಾಲೆಯ ಕಡೆ ಬಿದ್ದಂಬೀಳ ಓಡಿದ.

ಹೆಡ್‌ಮಾಸ್ತರರ ಕೋಣೆಯಲ್ಲಿ ಅವರೂ ಕನ್ನಡಕದ ಮೇಷ್ಟ್ರೂ ಇದ್ದರು. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಟೇಪು ಏದುಸಿರು ಬಿಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವನು ನಿನ್ನೆ ಬರಲೇ ಇಲ್ಲ, ಕೂಗಿದ್ದು ನಾನು, ಬೆಳಿಗ್ಗೆಯೇ ಬಸ್ಸಿಗೆ ಅಂತ ಹೋದವನು.

"ಏನೋ ಬೊಗಳ್ತಿದೀಯ?" ಹೆಡ್‌ಮಾಸ್ತರರು ಎದ್ದು ನಿಂತರು. "ಮೂವತ್ತು ವರ್ಷ ಪಾಠ ಮಾಡಿರೋರು, ಅವ್ರಿಗೆ ಯಾರ್ ದನಿ ಯಾರ್ದು ಅಂತ ಗೊತ್ತಾಗಲ್ವ? ನಿನ್ನೆ ಆ ತಂದೆ ಮುಂದೆ, ಪೊಲೀಸ್ನೋರ ಮುಂದೆ ಹೇಳಿದೀವಿ ಕಣೋ!"

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅಂತ ಟೇಪುವಿಗೆ ಗೊತ್ತಾಯಿತು. ಕೈ ಬಾಯಿಗೆ ಅಡ್ಡ ಇಟ್ಟುಕೊಂಡ. ತಲೆ ತಗ್ಗಿಸಿ, ಕೊಕ್ಕರೆಯ ದನಿಯಲ್ಲಿ ಕೂಗಿದ. "ಹಾಜರ್ ಸಾರ್."

ಕನ್ನಡಕದ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. "ಬಂದ್ಯೇನಪ್ಪಾ!" ಅಂತ ಬಾಗಿಲ ಕಡೆ ತಿರುಗಿ ಎರಡೂ ಕೈ ಚಾಚಿದರು. ಅವರ ಮುಖದಲ್ಲಿ ಆ ಒಂದು ಗಳಿಗೆ ಎಂಥ ಸಂತೋಷವಿತ್ತು ಅಂದರೆ, ಟೇಪುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದದ್ದು ಈ ಮೋಟುಹುಡುಗ ಒಬ್ಬನೇ ಅಂತ ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಮತ್ತೆ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದರು.

ಹೆಡ್‌ಮಾಸ್ತರರು ಗಂಟೆಯಣ್ಣನನ್ನು ಕೂಗಿ ಇಬ್ಬರೂ ಬಸ್ ನಿಲ್ದಾಣಕ್ಕೆ ಹೊರಟರು. ಟೇಪು ಹಿಂದೆ ಓಡಿದ, ಯಾರೂ ಬೇಡ ಅನ್ನಲಿಲ್ಲ.

"ನಿನ್ನೆ ಬೆಳಿಗ್ಗೆನಾ?" ಕ್ಯಾಂಟೀನಿನವನು ಲೋಟ ತೊಳೆಯುತ್ತಿದ್ದ. "ಬೆಳಿಗ್ಗೆ ಬಂದಿದ್ನಲ್ಲ ಸಾರ್. ಅವ್ನು ಓಡಿ ಬರೋದಕ್ಕೂ ಬಸ್ಸು ಹೊರಡೋದಕ್ಕೂ ಸರಿಹೋಯ್ತು. ಮುಂದಿನ್ ಬಸ್ಸು ಮಧ್ಯಾಹ್ನ ಅಂದೆ. ಅಲ್ಲೀವರ್ಗೂ ಇಲ್ಲಿ ಕೂತ್ರೆ ಗಂಟೆಯಣ್ಣ ಹಿಡೀತಾನೆ ಅಂತ ಗಿರಣಿ ಕಡೆ ನಡ್ಕೊಂಡು ಹೋದ." ಲೋಟ ಕೆಳಗಿಟ್ಟ. "ನೀವು ಕೇಳಿದ್ದು ಸಂಜೆ ನೋಡಿದ್ಯಾ ಅಂತ. ಸಂಜೆ ನೋಡ್ಲಿಲ್ಲ ಸಾರ್ ನಾನು. ಇಲ್ಲ ಅಂದೆ." ಮೂವರ ಮುಖ ನೋಡಿ, "ಯಾಕ್ ಸಾರ್? ಏನಾಯ್ತು?" ಅಂದ.

ಗಂಟೆಯಣ್ಣ ಆಗಲೇ ಸೈಕಲ್ ತಿರುಗಿಸಿದ್ದ.

ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗೋದಾಮಿನ ಬಾಗಿಲಿಗೆ ತುಕ್ಕು ಹಿಡಿದ ಬೀಗ. ಮಕ್ಕಳು ಹಿಂದಿನ ಗೋಡೆ ಹತ್ತಿ ಶೀಟಿನ ಮಾಡಿನ ಮೇಲೆ ಹೋಗಿ ಕೂರುತ್ತಿದ್ದರು, ಅಲ್ಲಿಂದ ಬಸ್ಸು ಬರುವುದು ದೂರದಿಂದಲೇ ಕಾಣುತ್ತದೆ. ಮಾಡಿನ ನಡುವೆ ಒಂದು ಶೀಟು ಮುರಿದು ದೊಡ್ಡ ತೂತು ಬಿದ್ದಿತ್ತು. ಬೀಗ ಒಡೆದು ಒಳಗೆ ಹೋದ ಗಂಟೆಯಣ್ಣ ಹೊರಗೆ ಬಂದು ಟೇಪುವಿನ ಮುಖವನ್ನು ತನ್ನ ಅಂಗಿಗೆ ಒತ್ತಿಕೊಂಡು ನಿಂತ, ಒಳಗೆ ನೋಡಲು ಬಿಡಲಿಲ್ಲ. ಗಂಟೆಯಣ್ಣನ ಹೊಟ್ಟೆ ಗಡಗಡ ನಡುಗುತ್ತಿದ್ದದ್ದು ಹುಡುಗನ ಕೆನ್ನೆಗೆ ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೆಡ್‌ಮಾಸ್ತರರಿಗೆ ಹೇಳಿದ್ದನ್ನು ಗಂಟೆಯಣ್ಣ ಕೇಳಿಸಿಕೊಂಡ. ತೊಡೆಯ ಮೂಳೆ ಮುರಿದು ರಕ್ತ ಹರಿದಿತ್ತು, ನಿಧಾನವಾಗಿ. ಹುಡುಗ ಬಾಗಿಲವರೆಗೆ ತೆವಳಿದ್ದ. ಜೀವ ಹೋದದ್ದು ಶುಕ್ರವಾರ ಬೆಳಗಿನ ಜಾವ. ಹಿಂದಿನ ದಿನ ಸಂಜೆ ತಂದಿದ್ದರೂ ಉಳಿಯುತ್ತಿದ್ದ. ಗಂಟೆಯಣ್ಣ ಇದನ್ನು ಟೇಪುವಿಗೆ ಹೇಳಬಾರದಿತ್ತು. ಆದರೆ ಆ ಮನುಷ್ಯನಿಗೂ ಎದೆ ಬಿರಿಯುತ್ತಿತ್ತು, ಯಾರಿಗಾದರೂ ಹೇಳಲೇಬೇಕಿತ್ತು. ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತು, "ನಂಗೊಂದು ಮಾತು ಬಂದಿದ್ರೆ, ನಿನ್ನೆ ಹನ್ನೊಂದಕ್ಕೆಲ್ಲ ಎತ್ತಾಕ್ಕೊಂಡ್ ಬರ್ತಿದ್ದೆ ಕಣೋ," ಅಂದ. "ಗಿರಣಿಗೆ ನಾನು ಎಷ್ಟ್ ಸಲ ಹೋಗಿಲ್ಲ." ಟೇಪುವನ್ನು ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಇಸ್ತ್ರಿ ಮಾಮನಿಗೆ ಹೇಳಿದ್ದೇ ಬೇರೆ. ಹುಡುಗ ಶಾಲೆ ಬಿಟ್ಟ ಮೇಲೆ ಆಡಲು ಗಿರಣಿಗೆ ಹೋಗಿದ್ದ, ಬಿದ್ದ, ಬಿದ್ದ ಕೂಡಲೇ ಹೋದ, ನೋವು ಗೊತ್ತಾಗಿರಲಿಕ್ಕಿಲ್ಲ. ಡಾಕ್ಟರು ಕರುಣೆಯಿಂದ ಹಾಗೆ ಹೇಳಿದರು. ಹೆಡ್‌ಮಾಸ್ತರರು ಅದನ್ನೇ ಹಿಡಿದುಕೊಂಡರು. ಕ್ಯಾಂಟೀನಿನವನ ಹತ್ತಿರ ಹೋಗಿ, ಬೆಳಗಿನ ಮಾತು ಆ ಮನೆಯವರ ಮುಂದೆ ಎತ್ತಬೇಡ ಅಂದರು. ಅವನೂ ಮಕ್ಕಳೊಂದಿಗ, ತಲೆ ಆಡಿಸಿದ. ಹತ್ತನೇ ಕ್ಲಾಸಿಗೆ ಬಂದು ಬಾಗಿಲು ಹಾಕಿ, "ಆದದ್ದು ಆಗಿಹೋಯ್ತು. ಸತ್ತವನು ಎದ್ದು ಬರಲ್ಲ. ಇದ್ದವರನ್ನ ಯಾಕೆ ಇನ್ನೊಂದ್ಸಲ ಸಾಯಿಸ್ತೀರಿ?" ಅಂದರು. ಅದರಲ್ಲಿ ಶಾಲೆಯ ಮಾನ ಎಷ್ಟಿತ್ತು, ಮಾಮನ ಮೇಲಿನ ಕನಿಕರ ಎಷ್ಟಿತ್ತು, ಅವರಿಗೇ ಗೊತ್ತಿತ್ತೋ ಇಲ್ಲವೋ. ಮಕ್ಕಳು ಸುಮ್ಮನಿದ್ದರು. ಸುಮ್ಮನಿರುವುದು ಅವರಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಕನ್ನಡಕದ ಮೇಷ್ಟ್ರು ರಜೆ ಹಾಕಿ ಹೋದವರು ತಿರುಗಿ ಬರಲಿಲ್ಲ. ಗಣಿತದ ಮೇಷ್ಟ್ರು ಗುರುವಾರ ಯಾರನ್ನೂ ಎಬ್ಬಿಸಲಿಲ್ಲ, ಅದರ ಮುಂದಿನ ಗುರುವಾರ ಮತ್ತೆ ಎಬ್ಬಿಸಿದರು. ಲಾಯರಮ್ಮ ಟೇಪುವಿನ ಕಡೆ ನೋಡುವುದನ್ನು ಬಿಟ್ಟಳು. ಕ್ಲಾಸಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಅವನ ಪಕ್ಕ ಕೂರಲೂ ಇಲ್ಲ. ಅವನಿಗೆ ಯಾರ ದನಿಯೂ ಬರುತ್ತಿರಲಿಲ್ಲ. ತನ್ನದೇ ಹೆಸರಿಗೆ ಹಾಜರಿ ಹೇಳುವಾಗಲೂ ನಾಲಿಗೆ ಹೊರಳದೆ ಕೈ ಎತ್ತುತ್ತಿದ್ದ.

ಮನೆಯಲ್ಲಿ ಅಜ್ಜಿ, "ಏನಾಗಿದ್ಯೋ ನಿಂಗೆ, ತಟ್ಟೆ ಮುಂದೆ ಕೂತು ಗೋಡೆ ನೋಡ್ತೀಯ?" ಅಂತ ಗೋಗರೆದಳು. ಒಂದು ದಿನ ಅವನು ಎಲ್ಲವನ್ನೂ ಹೇಳಿಬಿಟ್ಟ. ಅಜ್ಜಿ ತಲೆ ಮೇಲೆ ಕೈ ಹೊತ್ತು ಕೂತಳು. "ಹೋಗಿ ಅವರ ಕಾಲು ಹಿಡ್ಕೊಳೋ ಮಗಾ," ಅಂದಳು. "ಅವರು ಒದ್ರೂ ಸರಿ, ಉಗುದ್ರೂ ಸರಿ. ಇದನ್ನ ಹೊಟ್ಟೇಲಿಟ್ಕೊಂಡು ನೀನು ಬದುಕಲ್ಲ."

ಸರಿ, ಟೇಪು ಹೊರಟ. ಹೇಳಿಯೇ ಬಿಡಬೇಕು, ಏನಾದರೂ ಆಗಲಿ. ದಾರಿಯುದ್ದಕ್ಕೂ ಆ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು ಹೋದ.

ಇಸ್ತ್ರಿ ಮಾಮ ಅಂಗಡಿಯಲ್ಲಿ ಯಾರದೋ ಬಿಳಿ ಅಂಗಿಯ ಮೇಲೆ ನೀರು ಚಿಮುಕಿಸುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯೇ ಮನೆ. ಟೇಪುವನ್ನು ಕಂಡು ಅವರ ಮುಖ ಅರಳಿತು. ಅದನ್ನು ಅವನು ಎಣಿಸಿಯೇ ಇರಲಿಲ್ಲ.

"ಬಾರಪ್ಪ, ಬಾ. ಕೂತ್ಕೋ. ನೀನ್ ಬರ್ತೀಯ ಬರ್ತೀಯ ಅಂತ ಕಾಯ್ತಿದ್ದೆ ನೋಡು." ಬಟ್ಟೆಯ ಗಂಟು ಸರಿಸಿ ಜಾಗ ಮಾಡಿಕೊಟ್ಟರು. "ನೀನು ಅವ್ನ ಪಕ್ಕದಲ್ಲೇ ಕೂರ್ತಿದ್ದೆ ಅಲ್ವಾ? ಆವತ್ತು ಹೇಗಿದ್ದ ಹೇಳು. ನಾನು ಬೆಳಿಗ್ಗೆ ಅವ್ನ ಹತ್ರ ಮಾತೇ ಆಡ್ಲಿಲ್ಲ, ಕೆಲ್ಸ ಜಾಸ್ತಿ ಇತ್ತು."

"ಮಾಮ, ನಾನು..." ಟೇಪು ಶುರುಮಾಡಿದ.

"ಮೇಷ್ಟ್ರು ಹೇಳಿದ್ರು, ನೆಗಡಿ ಆಗಿತ್ತಂತೆ. ಆದ್ರೂ ಮನೇಲಿರ್ದೆ ಹೋಗಿದಾನೆ ನೋಡು. ಎರಡು ಹೊತ್ತೂ ಹಾಜರಿ. ನಂಗೆ ಅದೊಂದೇ ಸಮಾಧಾನ ಕಣಪ್ಪ." ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. "ನನ್ ಮಗ ಇನ್ನೊಬ್ರ ಬಟ್ಟೆ ತಿಕ್ಬಾರ್ದು ಅಂತ ಎಷ್ಟ್ ಬಡ್ಕೊಂಡೆ. ಓದೋದು ಇಷ್ಟ ಇಲ್ವೇನೋ ಅನ್ನಿಸ್ತಿತ್ತು ಒಂದೊಂದ್ಸಲ. ಇಲ್ಲ, ಕೊನೇ ದಿನಾನೂ ಕ್ಲಾಸಲ್ಲೇ ಇದ್ದ. ಅಲ್ವಾ? ಏನ್ ಮಾಡ್ತಿದ್ದ ಹೇಳು. ಸುಮ್ನೆ ಏನಾದ್ರೂ ಹೇಳು."

ಆ ಮನುಷ್ಯ ಬಾಗಿ ಟೇಪುವಿನ ಬಾಯನ್ನೇ ನೋಡುತ್ತಿದ್ದರು, ಹಸಿದವರ ಹಾಗೆ. ಟೇಪುವಿನ ಕಣ್ಣಲ್ಲಿ ನೀರು ತುಂಬಿತು.

"ಚೆನ್ನಾಗಿದ್ದ ಮಾಮ," ಅಂದ. "ಲೆಕ್ಕ ಮಾಡ್ದ. ಬೋರ್ಡ್ ಮೇಲೆ. ಸರಿಯಾಗೇ ಬಂತು."

"ಬಂತಾ!" ಮಾಮ ಒಳಕ್ಕೆ ತಿರುಗಿ ಕೂಗಿದರು. "ಕೇಳಿದ್ಯೇನೇ? ಲೆಕ್ಕ ಸರಿ ಬಂತಂತೆ ಕಣೇ, ಬೋರ್ಡ್ ಮೇಲೆ!" ಮುಖ ಒರೆಸಿಕೊಂಡರು. "ಮೇಷ್ಟ್ರು ಏನಂದ್ರು?"

"ಭೇಷ್ ಅಂದ್ರು."

"ಭೇಷ್ ಅಂದ್ರಂತೆ," ಅಂತ ಮಾಮ ತಮಗೇ ಹೇಳಿಕೊಂಡರು. ಆಮೇಲೆ ಅವರಿಗೆ ಅಳು ತಡೆಯಲಾಗಲಿಲ್ಲ. ಮೇಜಿನ ಮೇಲಿನ ಅಂಗಿಯಲ್ಲೇ ಮುಖ ಹುದುಗಿಸಿಕೊಂಡು ಬಿಕ್ಕಿದರು.

ಇಸ್ತ್ರಿ ಅತ್ತೆ ಒಳಗಿನಿಂದ ಬಂದು ಟೇಪುವಿನ ತೋಳು ಹಿಡಿದು ಎಬ್ಬಿಸಿದರು. ಅಂಗಡಿಯ ಪಕ್ಕದ ಸಂದಿಗೆ, ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಅವನು ಅವರ ಕಾಲಿಗೆ ಬಿದ್ದುಬಿಟ್ಟ. "ಅತ್ತೇ, ಸುಳ್ಳು ಹೇಳ್ದೆ ಅತ್ತೇ. ಅವ್ನು ಬಂದೇ ಇರ್ಲಿಲ್ಲ ಆವತ್ತು. ನಾನೇ..."

"ಗೊತ್ತು," ಅಂದರು ಅತ್ತೆ.

ಅವನು ತಲೆ ಎತ್ತಿದ.

"ನಾನೇ ಕಣೋ ಕಳ್ಸಿದ್ದು. ಗುರುವಾರ ಬಂದ್ರೆ ಹೊಟ್ಟೆ ತೊಳ್ಸತ್ತೆ, ಶಾಲೆಗೆ ಹೋಗಲ್ಲ ಅಂತ ಕಾಲು ಹಿಡ್ಕೊಂಡ. ಅಪ್ಪಂಗೆ ಗೊತ್ತಾದ್ರೆ ಕೊಲ್ತಾರೆ, ಅಕ್ಕನ ಮನೆಗೆ ಹೋಗಿ ಸಂಜೆ ಬಾ ಅಂತ ನಾನೇ ಬಸ್ ಚಾರ್ಜು ಕೊಟ್ಟೆ." ಅತ್ತೆಯ ದನಿಯಲ್ಲಿ ಅಳುವೇ ಇರಲಿಲ್ಲ, ಅದು ಎಂದೋ ಬತ್ತಿಹೋಗಿತ್ತು. "ಸಂಜೆ ಮೇಷ್ಟ್ರು ಅವ್ನು ಕ್ಲಾಸಲ್ಲಿದ್ದ ಅಂದಾಗ ನಾನು ಒಳಗೇ ನಗ್ತಿದ್ದೆ, ನನ್ ಮಗ ಎಲ್ರ ಕಣ್ಣಿಗೂ ಮಣ್ಣೆರಚಿದಾನೆ ಅಂತ. ಮಗಳು ಬಂದಿಲ್ಲ ಅಂದ್ಲು. ಅವ್ಳು ಬಚ್ಚಿಡ್ತಿದಾಳೆ ಅಂದ್ಕೊಂಡೆ. ಅಲ್ಲೇ ನಿಂತಿದ್ದೆ. ಒಂದು ಮಾತು ಹೇಳ್ಲಿಲ್ಲ."

ಒಳಗೆ ಮಾಮನ ಬಿಕ್ಕು ಕಡಿಮೆಯಾಗಿ, ಅಂಗಿಯ ಮೇಲೆ ಮತ್ತೆ ನೀರು ಚಿಮುಕಿಸುವ ಸದ್ದು ಕೇಳಿತು.

"ಅವ್ರಿಗೆ ಹೇಳ್ಬೇಡ," ಅಂದರು ಅತ್ತೆ. ಬಗ್ಗಿ ಅವನನ್ನು ಎತ್ತಿ ನಿಲ್ಲಿಸಿ, ಮೊಣಕಾಲಿನ ಮಣ್ಣು ಕೊಡವಿದರು. "ಅವನು ಹೋದ್ಮೇಲೆ ಇವತ್ತೇ ಅವರು ಇಷ್ಟ್ ಮಾತಾಡಿದ್ದು. ನಾಳೆನೂ ಬಾ. ಊಟದ ಹೊತ್ತಲ್ಲಿ ಏನ್ ಮಾಡ್ತಿದ್ದ, ಯಾರ್ ಜೊತೆ ಆಡ್ದ ಅಂತ ಕೇಳ್ತಾರೆ. ಏನಾದ್ರೂ ಯೋಚ್ನೆ ಮಾಡ್ಕೊಂಡು ಬಾ."

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅವನು ಹೋದ.